ಫೈನ್ ಅಂದರೆ ಚೆನ್ನಾಗಿದೆಯೋ, ದಂಡವೋ? ಒಂದು ಇಂಗ್ಲಿಷ್ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಬರುವ ಪದ 'ಫೈನ್'. ಪೊಲೀಸರು ಹಾಕುವುದೂ ಫೈನ್, ಆರೋಗ್ಯ ವಿಚಾರಿಸಿದರೆ ಹೇಳುವುದೂ ಫೈನ್, ಅಂಗಡಿಯಲ್ಲಿ ಕೇಳುವ ರವೆಯೂ ಫೈನ್. ಇಂಗ್ಲಿಷ್ ಕಲಿಯುವವರು, ಅನುವಾದ ಮಾಡುವವರು, ಕಚೇರಿಯ ಇಮೇಲ್‌ಗಳಿಗೆ ಉತ್ತರ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸುಲಭದ್ದರಿಂದ ಕಷ್ಟದ್ದರವರೆಗೆ ಇಲ್ಲಿ ಜೋಡಿಸಿದ್ದೇವೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಮೆಟ್ಟಿಲು

ಫೈನ್ ಅಂದರೆ ಕನ್ನಡದಲ್ಲಿ ಏನು? ಒಂದೇ ಪದದಲ್ಲಿ ಹೇಳಿಬಿಡಿ.

ಒಂದೇ ಪದದಲ್ಲಿ ಆಗುವುದಿಲ್ಲ, ನಾಲ್ಕು ಬೇಕು: ಸೊಗಸು, ಪರವಾಗಿಲ್ಲ, ಸಣ್ಣ, ದಂಡ. 'ಎ ಫೈನ್ ಸಿಂಗರ್' ಎಂದರೆ ಸೊಗಸಾದ ಹಾಡುಗಾರ್ತಿ. 'ಇಟ್ಸ್ ಫೈನ್' ಎಂದರೆ ಪರವಾಗಿಲ್ಲ. 'ಫೈನ್ ಪೌಡರ್' ಎಂದರೆ ನುಣ್ಣನೆಯ ಪುಡಿ. 'ಎ ಫೈನ್ ಆಫ್ ಫೈವ್ ಹಂಡ್ರೆಡ್ ರುಪೀಸ್' ಎಂದರೆ ಐನೂರು ರೂಪಾಯಿ ದಂಡ. ಈ ನಾಲ್ಕು ಕೋಣೆಗಳು ಮನಸ್ಸಿನಲ್ಲಿದ್ದರೆ ನಿಘಂಟಿನಲ್ಲಿರುವ ಉಳಿದ ಅರ್ಥಗಳೆಲ್ಲ ಇವುಗಳಲ್ಲೇ ಎಲ್ಲೋ ಒಂದು ಕಡೆ ಹೋಗಿ ಕೂರುತ್ತವೆ.

'ಹೌ ಆರ್ ಯೂ' ಅಂದರೆ 'ಐ ಆಮ್ ಫೈನ್, ಥ್ಯಾಂಕ್ ಯೂ' ಅನ್ನಲೇಬೇಕಾ?

ಬೇಕಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರಿಂದ ಅದೊಂದೇ ಉತ್ತರ ಎಂಬ ಭಾವನೆ ಉಳಿದಿದೆ. ತಪ್ಪೇನಲ್ಲ, ಆದರೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. 'ಗುಡ್, ಥ್ಯಾಂಕ್ಸ್', 'ನಾಟ್ ಬ್ಯಾಡ್', 'ಡೂಯಿಂಗ್ ವೆಲ್' ಯಾವುದಾದರೂ ಆದೀತು. ಕೇಳಿದವರನ್ನು ತಿರುಗಿ ವಿಚಾರಿಸುವುದು ಮುಖ್ಯ. ಧಾರವಾಡದ ಕಡೆಯವರು 'ಆರಾಮ ಅದೇನ್ರಿ, ನೀವು ಹೆಂಗದೀರಿ?' ಅಂದಹಾಗೆ 'ಫೈನ್, ಆಂಡ್ ಯೂ?' ಅಂದರೆ ಸಾಕು. ಒಂದು ಎಚ್ಚರ: ಡಾಕ್ಟರ ಎದುರು ಕೂತಾಗ ಅಭ್ಯಾಸಬಲದಿಂದ 'ಐ ಆಮ್ ಫೈನ್' ಅನ್ನಬೇಡಿ. ಅಲ್ಲಿ ಅದು ಕುಶಲೋಪರಿಯಲ್ಲ, ನನಗೇನೂ ಕಾಯಿಲೆಯಿಲ್ಲ ಎಂಬ ಹೇಳಿಕೆ.

ನಾನು 'ಪೈನ್' ಅಂತೀನಂತೆ, ಮಗಳು ನಗ್ತಾಳೆ. ಹೇಗೆ ತಿದ್ದಿಕೊಳ್ಳೋದು?

ಕನ್ನಡದ ಫಕಾರ ಮೂಲದಲ್ಲಿ ಎರಡೂ ತುಟಿ ಕೂಡಿಸಿ ಉಸಿರು ಬಿಟ್ಟು ಹೇಳುವ ಮಹಾಪ್ರಾಣ. ಇಂಗ್ಲಿಷಿನದಕ್ಕೆ ತುಟಿಗಳು ಕೂಡುವುದೇ ಇಲ್ಲ. ಮೇಲಿನ ಹಲ್ಲುಗಳನ್ನು ಕೆಳತುಟಿಯ ಮೇಲೆ ಹಗುರವಾಗಿ ಇಟ್ಟು, ಸಂದಿಯಿಂದ ಗಾಳಿ ಬಿಡಿ. ಬುಸುಬುಸು ಸದ್ದು ಎರಡು ಸೆಕೆಂಡು ಎಳೆಯಲು ಬಂದರೆ ಸರಿಯಾಗಿದೆ ಎಂದರ್ಥ. ಪಕಾರವನ್ನು ಹಾಗೆ ಎಳೆಯಲು ಆಗುವುದೇ ಇಲ್ಲ, ಅದೇ ಪರೀಕ್ಷೆ. ಆಮೇಲೆ 'ಐನ್' ಸೇರಿಸಿ.

'ಪೈನ್' ಎಂಬುದು ಬೇರೆಯೇ ಪದ, ಒಂದು ಬಗೆಯ ಮರ. ಇನ್ನೂ ಒಂದು ಗೊಂದಲವಿದೆ: 'ಫೈನ್ಡ್' (ದಂಡ ಹಾಕಿದರು) ಮತ್ತು 'ಫೈಂಡ್' (ಹುಡುಕು) ಉಚ್ಚಾರದಲ್ಲಿ ಒಂದೇ. ಕಿವಿಗೆ ವ್ಯತ್ಯಾಸ ಸಿಗದಿದ್ದರೆ ನಿಮ್ಮ ಕಿವಿಯದೇನೂ ತಪ್ಪಿಲ್ಲ.

ಕಾಫಿ ಬೇಕಾ ಅಂದಾಗ 'ಐ ಆಮ್ ಫೈನ್' ಅಂದರು. ಬೇಕು ಅಂತಲೋ, ಬೇಡ ಅಂತಲೋ?

ಬೇಡ ಅಂತ. 'ನನಗೆ ಸದ್ಯಕ್ಕೆ ಏನೂ ಕೊರತೆಯಿಲ್ಲ' ಎಂಬುದು ಅದರ ಒಳಅರ್ಥ. ಆದರೆ 'ಕಾಫಿ ಈಸ್ ಫೈನ್' ಅಂದರೆ ಬೇಕು: ಟೀಯೇ ಆಗಬೇಕೆಂದಿಲ್ಲ, ಕಾಫಿಯೂ ನಡೆಯುತ್ತದೆ. ಕರ್ತೃಪದ ನೋಡಿ. 'ಐ' ಇದ್ದರೆ ಬೇಡ, ವಸ್ತುವಿನ ಹೆಸರಿದ್ದರೆ ಆಗಬಹುದು. ನಮ್ಮಲ್ಲಿ ಬೇಡ ಅಂದವರಿಗೂ ಮೂರು ಸಲ ಒತ್ತಾಯ ಮಾಡುವುದು ಮರ್ಯಾದೆ. ಇಂಗ್ಲಿಷ್ ಮಾತೃಭಾಷೆಯವರು ಒಂದು ಸಲ 'ಐ ಆಮ್ ಫೈನ್' ಅಂದರೆ ಸಾಮಾನ್ಯವಾಗಿ ಮಾತು ಅಲ್ಲಿಗೇ ಮುಗಿಯಿತು.

## ಮಾತಿನಲ್ಲಿ, ಇಮೇಲಿನಲ್ಲಿ

ಊಟ ಹೇಗಿತ್ತು ಅಂದರು, 'ಫೈನ್' ಅಂದೆ. ಮಾಡಿದವರ ಮುಖ ಸಪ್ಪಗಾಯಿತು. ಫೈನ್ ಅಂದರೆ ಉತ್ತಮ ಅಂತ ನಿಘಂಟಿನಲ್ಲಿದೆಯಲ್ಲ?

ನಿಘಂಟು ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಈ ಪದದ ತೂಕ ವಾಕ್ಯದಲ್ಲಿ ಅದು ಕೂತ ಜಾಗದ ಮೇಲೆ ನಿಂತಿದೆ, ಇದೊಂದನ್ನು ಹಿಡಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನಾಮಪದದ ಮುಂದೆ ಕೂತರೆ ದೊಡ್ಡ ಹೊಗಳಿಕೆ. ಕ್ರಿಯಾಪದದ ಹಿಂದೆ ಬಂದರೆ ಬರೀ 'ಪರವಾಗಿಲ್ಲ'.

'ಇಟ್ ವಾಸ್ ಎ ಫೈನ್ ಮೀಲ್' ಎಂದರೆ ಊಟ ಬಲು ಸೊಗಸಾಗಿತ್ತು. 'ದ ಮೀಲ್ ವಾಸ್ ಫೈನ್' ಎಂದರೆ ಊಟಕ್ಕೇನೂ ಕೊರತೆ ಇರಲಿಲ್ಲ, ಉಪ್ಪು ಖಾರ ಸರಿಯಿತ್ತು, ಅಷ್ಟೆ. 'ಶೀ ಈಸ್ ಎ ಫೈನ್ ಟೀಚರ್' ಅಂದರೆ ಅಪರೂಪದ ಮೇಷ್ಟ್ರು. 'ದ ಟೀಚರ್ ಈಸ್ ಫೈನ್' ಅಂದರೆ ಅವರ ಆರೋಗ್ಯ ಸರಿಯಿದೆ, ಇಲ್ಲವೇ ಅವರ ಬಗ್ಗೆ ತಕರಾರೇನಿಲ್ಲ. ಪದ ಅದೇ, ಜಾಗ ಬದಲಾಯಿತು, ಮಾರ್ಕು ತೊಂಬತ್ತರಿಂದ ಐವತ್ತಕ್ಕೆ ಇಳಿಯಿತು.

ಕನ್ನಡದ 'ಚೆನ್ನಾಗಿದೆ' ಹೀಗೆ ಇಳಿಯುವುದಿಲ್ಲ. ವಾಕ್ಯದ ಕೊನೆಯಲ್ಲಿದ್ದರೂ ಅದು ಹೊಗಳಿಕೆಯೇ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು 'ಫೈನ್' ಅಂದಾಗ ಎಡವಟ್ಟಾಗುತ್ತದೆ. ಆ ಜಾಗದಲ್ಲಿ 'ಡೆಲಿಶಸ್' ಅನ್ನಿ, 'ರಿಯಲಿ ಗುಡ್' ಅನ್ನಿ. ಅದಕ್ಕಿಂತ ಒಳ್ಳೆಯದು, ಇಷ್ಟವಾದ ಒಂದು ಪದಾರ್ಥದ ಹೆಸರು ಹೇಳಿ.

ಮೇಲಧಿಕಾರಿಗೆ ಉದ್ದನೆಯ ಇಮೇಲ್ ಬರೆದೆ. 'ಫೈನ್.' ಅಂತ ಒಂದೇ ಪದ ಉತ್ತರ ಬಂತು. ಕೋಪವೇ?

ಇರಬಹುದು, ಇಲ್ಲದೆಯೂ ಇರಬಹುದು. ಒಂಟಿಯಾಗಿ ನಿಂತ 'ಫೈನ್' ಜೊತೆಗೆ ಪೂರ್ಣವಿರಾಮವೂ ಇದ್ದರೆ ಇಂಗ್ಲಿಷ್ ಓದುಗರಿಗೆ ಅದು ಮನಸ್ಸಿಲ್ಲದ ಒಪ್ಪಿಗೆಯಂತೆ, 'ಆಯ್ತು ಬಿಡಿ, ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ' ಎಂಬಂತೆ ಕೇಳುತ್ತದೆ. ನಮ್ಮಲ್ಲಿ ಬಹಳ ಜನ ಬರೀ 'ಸರಿ' ಎಂಬ ಅರ್ಥದಲ್ಲಿ ಇದನ್ನು ಬರೆಯುತ್ತಾರೆ. ಬರೆದವರು ಬೆಂಗಳೂರಿನವರಾದರೆ ಚಿಂತೆ ಬೇಡ, ಲಂಡನ್ನಿನವರಾದರೆ ಇಮೇಲನ್ನು ಇನ್ನೊಮ್ಮೆ ಓದಿ ನೋಡಿ.

ನೀವೇ ಉತ್ತರಿಸುವಾಗ ಎರಡು ಪದ ಹೆಚ್ಚಿಗೆ ಖರ್ಚು ಮಾಡಿ. 'ದಟ್ಸ್ ಫೈನ್, ಥ್ಯಾಂಕ್ಸ್' ಅಥವಾ 'ಫೈನ್ ವಿತ್ ಮೀ' ಅಂದರೆ ಬಿಗಿ ಸಡಿಲಾಗುತ್ತದೆ. 'ಫೈನ್ ಬೈ ಮೀ' ಎಂದರೂ ಅದೇ ಅರ್ಥ, ಸ್ವಲ್ಪ ಸಲುಗೆಯದು. 'ಫೈನ್ ಫಾರ್ ಮೀ' ಮಾತ್ರ ಬೇರೆ: ನನ್ನ ಮಟ್ಟಿಗೆ ಸಾಕು, ನನಗೆ ಹೊಂದುತ್ತದೆ ಎಂದು.

'ಒನ್ ಫೈನ್ ಡೇ' ಅಂತ ಕೆಟ್ಟ ಸುದ್ದಿಗೂ ಬರೆಯಬಹುದಾ?

ಬರೆಯುತ್ತಾರೆ. ಇಲ್ಲಿ 'ಫೈನ್' ದಿನದ ಗುಣ ಹೇಳುತ್ತಿಲ್ಲ. ಅದು ಕಥೆ ಹೇಳುವ ವರಸೆ, ನಮ್ಮ 'ಒಂದಾನೊಂದು ದಿನ', 'ಹೀಗೇ ಒಂದು ದಿನ' ಇದ್ದಂತೆ. ಆದರೂ ಸಾವಿನ ಸುದ್ದಿಗೆ 'ಒನ್ ಫೈನ್ ಡೇ ಹಿ ಡೈಡ್' ಎಂದು ಬರೆದರೆ ಭಾರತದ ಹೊರಗಿನವರಿಗೆ ಇರಿಸುಮುರಿಸು. 'ಒನ್ ಡೇ' ಸಾಕು. ಇನ್ನು ಬ್ರಿಟನ್ನಿನ ಹವಾಮಾನ ವರದಿಯಲ್ಲಿ 'ಫೈನ್' ಅಂದರೆ ಮಳೆಯಿಲ್ಲ ಎಂದು ನೇರ ಅರ್ಥ. ಜೂನ್‌ನಲ್ಲಿ ಬಿತ್ತನೆಗೆ ಹೊಲ ಹದ ಮಾಡಿಟ್ಟು ಆಕಾಶ ನೋಡುವ ರೈತನಿಗೆ ಅಂಥ ದಿನವನ್ನು 'ಉತ್ತಮ ಹವೆ' ಎಂದು ಅನುವಾದಿಸಿ ಕೊಡಬೇಡಿ. 'ಒಣಹವೆ' ಅನ್ನಿ.

ಗುಡ್, ನೈಸ್, ಓಕೆ, ಎಕ್ಸಲೆಂಟ್: ಇವುಗಳಲ್ಲಿ ಫೈನ್ ಎಲ್ಲಿ ಕೂರುತ್ತದೆ?

ಕ್ರಿಯಾಪದದ ಹಿಂದೆ ಬಂದಾಗ ಏಣಿ ಹೀಗಿದೆ, ಕೆಳಗಿನಿಂದ ಮೇಲಕ್ಕೆ: ಓಕೆ, ಫೈನ್, ಗುಡ್, ವೆರಿ ಗುಡ್, ಎಕ್ಸಲೆಂಟ್. 'ಓಕೆ'ಯಲ್ಲಿ ಸಣ್ಣ ಕೊರತೆಯ ವಾಸನೆ ಇರುತ್ತದೆ, 'ಫೈನ್'ನಲ್ಲಿ ಅದೂ ಇಲ್ಲ, ಆದರೆ ಉತ್ಸಾಹವೂ ಇಲ್ಲ. ನಾಮಪದದ ಮುಂದೆ ಬಂದಾಗ ಏಣಿಯೇ ಬೇರೆ: ಅಲ್ಲಿ 'ಫೈನ್' 'ಗುಡ್' ಅನ್ನು ದಾಟಿ 'ಎಕ್ಸಲೆಂಟ್' ಪಕ್ಕ ಹೋಗಿ ಕೂರುತ್ತದೆ. ಜೊತೆಗೆ ಕುಸುರಿ, ನಾಜೂಕು, ಪಳಗಿದ ಕೈ ಎಂಬ ಛಾಯೆಯೂ ಸೇರುತ್ತದೆ. ಬೀದಿಬದಿಯ ಬಿಸಿಬಿಸಿ ಬಜ್ಜಿ 'ಗ್ರೇಟ್' ಆಗಬಹುದು, 'ಫೈನ್ ಫುಡ್' ಆಗುವುದಿಲ್ಲ. ಇಳಕಲ್ ಸೀರೆಯ ಕಸೂತಿ 'ಫೈನ್ ವರ್ಕ್' ಹೌದು.

'ನೈಸ್' ಮನಸ್ಸಿಗೆ ಹಿತವಾದದ್ದಕ್ಕೆ. ಅದರಲ್ಲಿ ಗುಣಮಟ್ಟದ ತೀರ್ಪು ಕಡಿಮೆ, ಪ್ರೀತಿ ಹೆಚ್ಚು. ಅಂದಹಾಗೆ ಅಂಗಡಿಯವರು 'ಈ ಹಿಟ್ಟು ನೈಸಾಗಿದೆ' ಅಂದರೆ ಅದು ಕನ್ನಡದ್ದೇ ಆಗಿಹೋದ ಪ್ರಯೋಗ, ನುಣುಪು ಎಂದು. ಇಂಗ್ಲಿಷಿನಲ್ಲಿ ಆ ಜಾಗಕ್ಕೆ 'ಫೈನ್' ಬೇಕು.

## ಸಣ್ಣ, ನಯ, ಚೊಕ್ಕ

ಅಡುಗೆ ವಿಡಿಯೊಗಳಲ್ಲಿ 'ಫೈನ್ಲಿ ಚಾಪ್ಡ್', 'ಫೈನ್ ರವಾ' ಅಂತಾರೆ. ಎಷ್ಟು ಸಣ್ಣ?

'ಚಾಪ್ಡ್' ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಹೋಳು, ಸಾಂಬಾರಿನ ಈರುಳ್ಳಿಯ ಹಾಗೆ. 'ಫೈನ್ಲಿ ಚಾಪ್ಡ್' ಅಂದರೆ ಸುಮಾರು ಮೂರು ಮಿಲಿಮೀಟರ್, ಕೋಸಂಬರಿಗೆ ಸೌತೆಕಾಯಿ ಕೊಚ್ಚುವ ಹಾಗೆ. 'ಮಿನ್ಸ್ಡ್' ಅದಕ್ಕಿಂತಲೂ ಸಣ್ಣ, ಹೋಳು ಕಣ್ಣಿಗೆ ಕಾಣಬಾರದು.

ರವೆಯ ವಿಷಯದಲ್ಲಿ ನಮ್ಮ ಅಂಗಡಿಗಳ ಹೆಸರು ಹೆಚ್ಚು ಖಚಿತ. ಇಂಗ್ಲಿಷ್ ಪಾಕವಿಧಾನದಲ್ಲಿ 'ಫೈನ್ ಸೆಮೊಲಿನಾ' ಎಂದಿದ್ದರೆ ಚಿರೋಟಿ ರವೆ ತನ್ನಿ. 'ಮೀಡಿಯಂ' ಎಂದಿದ್ದರೆ ಉಪ್ಪಿಟ್ಟಿನ ರವೆ, 'ಕೋರ್ಸ್' ಎಂದಿದ್ದರೆ ಬನ್ಸಿ ರವೆ. ಅದಲುಬದಲಾದರೆ ಏನಾಗುತ್ತದೆ? ಚಿರೋಟಿ ರವೆಯ ಕಾಳು ಬಲು ಸಣ್ಣದಾದ್ದರಿಂದ ನೀರನ್ನು ಒಮ್ಮೆಲೇ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಉಪ್ಪಿಟ್ಟು ಉದುರಾಗದೆ ಮುದ್ದೆಯಾಗುತ್ತದೆ. ಉಪ್ಪಿಟ್ಟಿನ ರವೆಯಲ್ಲಿ ಚಿರೋಟಿ ಮಾಡಲು ಹೋದರೆ ಹಿಟ್ಟಿಗೆ ಜಿಗುಟು ಸಾಲದೆ ಲಟ್ಟಿಸುವಾಗ ಅಂಚು ಹರಿಯುತ್ತದೆ.

ಪುಡಿ ಮತ್ತು ರುಬ್ಬುವ ವಿಷಯದಲ್ಲಿ 'ಫೈನ್' ಎಂದರೆ ನುಣ್ಣಗೆ, 'ಕೋರ್ಸ್' ಎಂದರೆ ತರಿತರಿಯಾಗಿ. 'ಫೈನ್ ಸೀವ್' ಎಂದರೆ ಜರಡಿ ಸಣ್ಣದಲ್ಲ, ಅದರ ಕಣ್ಣು ಸಣ್ಣ. 'ವೆರಿ ಫೈನ್ ಪೌಡರ್' ಎಂಬುದಕ್ಕೆ ನಾಟಿ ವೈದ್ಯರ ಬಾಯಲ್ಲಿ 'ವಸ್ತ್ರಗಾಳಿತ' ಎಂಬ ಪದವಿದೆ, ಬಟ್ಟೆಯಲ್ಲಿ ಜಾಲಿಸಿದ್ದು. 'ಅತಿ ಸೂಕ್ಷ್ಮ ಪುಡಿ' ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬಹುದು.

ನಂಬರು ದೊಡ್ಡದಾದಷ್ಟೂ ಫೈನ್ ಅಂತ ಒಬ್ಬರು, ಚಿಕ್ಕದಾದಷ್ಟೂ ಅಂತ ಇನ್ನೊಬ್ಬರು. ಯಾವುದು ಸರಿ?

ಎರಡೂ ಸರಿ, ಏನನ್ನು ಎಣಿಸುತ್ತಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಗಾತ್ರವನ್ನೇ ಅಳೆಯುವ ಕಡೆ ಚಿಕ್ಕ ನಂಬರು ಫೈನ್: 0.5 ಮಿಲಿಮೀಟರ್ ತುದಿಯ ಪೆನ್ನು 0.7ಕ್ಕಿಂತ ಫೈನ್. ಒಂದು ಅಳತೆಯಲ್ಲಿ ಎಷ್ಟು ಹಿಡಿಸುತ್ತವೆ ಎಂದು ಎಣಿಸುವ ಕಡೆ ದೊಡ್ಡ ನಂಬರು ಫೈನ್. ಜರಡಿಯ ಮೆಶ್ ನಂಬರು ಒಂದು ಅಂಗುಲದಲ್ಲಿರುವ ಕಣ್ಣುಗಳ ಲೆಕ್ಕ, ಹಾಗಾಗಿ 100 ಮೆಶ್ 40ಕ್ಕಿಂತ ಸಣ್ಣ. ಎಮರಿ ಪೇಪರ್ 60 ಒರಟು, 220 ನಯ. ಹತ್ತಿ ನೂಲಿನ ಇಂಗ್ಲಿಷ್ ಕೌಂಟ್ ಎಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಸಿಗುತ್ತವೆ ಎಂಬ ಲೆಕ್ಕ. ಎಳೆ ತೆಳುವಾದಷ್ಟೂ ಅದೇ ತೂಕದಲ್ಲಿ ಹೆಚ್ಚು ಉದ್ದ ಸಿಗುತ್ತದಲ್ಲ, ಅದಕ್ಕೇ 100ರ ನೂಲು 40ರ ನೂಲಿಗಿಂತ ಫೈನ್.

ಚಿನ್ನದಂಗಡಿಯಲ್ಲಿ 'ಫೈನ್‌ನೆಸ್ 916' ಅಂತಾರೆ. ಚಿನ್ನಕ್ಕೂ ಸಣ್ಣದು ದಪ್ಪದು ಇದೆಯಾ?

ಇಲ್ಲ, ಇಲ್ಲಿ 'ಫೈನ್' ಎಂದರೆ ಶುದ್ಧ. ಬೆರಕೆ ತೆಗೆದು ಚೊಕ್ಕ ಮಾಡಿದ್ದು, ನಮ್ಮ 'ಅಪರಂಜಿ' ಎಂಬ ಭಾವ. ಫೈನ್‌ನೆಸ್ ಅಂದರೆ ಸಾವಿರ ಭಾಗದಲ್ಲಿ ಎಷ್ಟು ಭಾಗ ಅಪ್ಪಟ ಚಿನ್ನ ಎಂಬ ಲೆಕ್ಕ. 22ನ್ನು 24ರಿಂದ ಭಾಗಿಸಿದರೆ ಸುಮಾರು 0.916 ಬರುತ್ತದೆ, ಆದ್ದರಿಂದ 22 ಕ್ಯಾರೆಟ್ 916. ಅದೇ ರೀತಿ 18 ಕ್ಯಾರೆಟ್ 750.

ಬಿಲ್ಲಿನಲ್ಲಿ 'ಫೈನ್ ವೇಟ್' ಎಂಬ ಕಾಲಂ ಕಂಡರೆ ಅದು ಒಡವೆಯ ತೂಕವಲ್ಲ, ಒಳಗಿರುವ ಅಪ್ಪಟ ಚಿನ್ನದ ತೂಕ. 10 ಗ್ರಾಂ ತೂಗುವ 916 ಬಳೆಯಲ್ಲಿ ಫೈನ್ ವೇಟ್ 9.16 ಗ್ರಾಂ. ಹಳೆ ಒಡವೆ ಹಾಕಿ ಹೊಸದು ಕೊಳ್ಳುವಾಗ ಜಗಳ ಹುಟ್ಟುವುದು ಇಲ್ಲೇ: ಒಂದು ಕಡೆ ಒಟ್ಟು ತೂಕ, ಇನ್ನೊಂದು ಕಡೆ ಫೈನ್ ವೇಟ್ ಹಿಡಿದರೆ ಲೆಕ್ಕ ಕೂಡುವುದಿಲ್ಲ. ಒಡವೆಯ ಮೇಲಿನ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, ಶುದ್ಧತೆಯ ಅಂಕಿ ಮತ್ತು ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ ಇರಬೇಕು. ಈ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಬಳ್ಳಾರಿ ಗಣಿಯ ಸುದ್ದಿಯಲ್ಲಿ 'ಐರನ್ ಓರ್ ಫೈನ್ಸ್' ಅಂತ ಬರುತ್ತೆ. ಗಣಿಯವರಿಗೆ ಹಾಕಿದ ದಂಡವಾ?

ಅಲ್ಲ. ಅದಿರನ್ನು ಒಡೆದು ಜರಡಿ ಹಿಡಿದಾಗ ದಪ್ಪ ತುಂಡುಗಳು 'ಲಂಪ್ಸ್', ಸಾಮಾನ್ಯವಾಗಿ 10 ಮಿಲಿಮೀಟರ್‌ಗಿಂತ ಸಣ್ಣದೆಲ್ಲ 'ಫೈನ್ಸ್'. ಬಳ್ಳಾರಿ, ಸಂಡೂರು ಸೀಮೆಯಲ್ಲಿ ಅದಿರಿನ ವ್ಯಾಪಾರ ಈ ಎರಡು ಹೆಸರಿನಲ್ಲೇ ನಡೆಯುತ್ತದೆ, ಬೆಲೆಯೂ ಬೇರೆ ಬೇರೆ. ಕಬ್ಬಿಣ ತೆಗೆಯುವ ಊದುಕುಲುಮೆಗೆ ಫೈನ್ಸ್ ಅನ್ನು ನೇರವಾಗಿ ಸುರಿದರೆ ಸಂದಿಗಳೆಲ್ಲ ಮುಚ್ಚಿ ಗಾಳಿ ಆಡುವುದಿಲ್ಲ, ಅದಕ್ಕೆ ಮೊದಲು ಉಂಡೆ ಕಟ್ಟಿಯೋ ಕಾಯಿಸಿ ಒಂದಕ್ಕೊಂದು ಅಂಟಿಸಿಯೋ ಬಳಸುತ್ತಾರೆ. ಕನ್ನಡದಲ್ಲಿ 'ಅದಿರಿನ ಪುಡಿ' ಸಾಕು. 'ಅದಿರು ದಂಡ' ಎಂದು ಅನುವಾದವಾದರೆ ಓದುಗ ಸರ್ಕಾರಕ್ಕೆ ಎಷ್ಟು ಹಣ ಬಂತು ಎಂದು ಹುಡುಕತೊಡಗುತ್ತಾನೆ.

ಕಟ್ಟಡದ ಕೆಲಸದಲ್ಲಿ 'ಫೈನ್ ಅಗ್ರಿಗೇಟ್' ಎಂದರೆ 4.75 ಮಿಲಿಮೀಟರ್ ಜರಡಿಯಲ್ಲಿ ಇಳಿದುಹೋಗುವ ಮರಳು, ಎಂ-ಸ್ಯಾಂಡ್. ವಾಯುಮಾಲಿನ್ಯದ ವರದಿಯ 'ಫೈನ್ ಪಾರ್ಟಿಕಲ್ಸ್' ಎಂದರೆ ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು. ಅಲ್ಲಿ 'ಸೂಕ್ಷ್ಮಕಣ' ಸರಿಹೋಗುತ್ತದೆ.

ಕ್ರಿಕೆಟ್‌ನ 'ಫೈನ್ ಲೆಗ್'ನಲ್ಲಿ ಏನು ಫೈನ್?

ಕೋನ. ಪಿಚ್‌ನ ಉದ್ದಕ್ಕೆ ಒಂದು ಗೆರೆ ಎಳೆದು ವಿಕೆಟ್ ಕೀಪರನ ಹಿಂದಕ್ಕೂ ಮುಂದುವರಿಸಿ. ಆ ಗೆರೆಗೆ ಹತ್ತಿರವಾದಷ್ಟೂ 'ಫೈನ್', ಬ್ಯಾಟ್ಸ್‌ಮನ್ನನ ಅಡ್ಡಕ್ಕೆ, ತೊಂಬತ್ತು ಡಿಗ್ರಿ ಕಡೆಗೆ ಸರಿದಷ್ಟೂ 'ಸ್ಕ್ವೇರ್'. ಕೋನ ಕಿರಿದು ಎಂಬ ಅರ್ಥದಲ್ಲಿ ಫೈನ್. ವೀಕ್ಷಕ ವಿವರಣೆಯಲ್ಲಿ 'ಅದನ್ನು ತುಂಬಾ ಫೈನ್ ಆಗಿ ಆಡಿದ್ದಾರೆ' ಅಂದರೆ ಸೊಗಸಾಗಿ ಆಡಿದರು ಎಂದಲ್ಲ, ಕೀಪರನ ಪಕ್ಕದಲ್ಲೇ ಹಾಯುವಂತೆ ತಿರುಗಿಸಿದರು ಎಂದು.

## ದಂಡದ ಲೆಕ್ಕ

'ಪೊಲೀಸ್ ಪುಟ್ ಫೈನ್ ಟು ಮೀ' ಅಂದೆ, ತಪ್ಪು ಅಂದರು. ಫೈನ್ ಹಾಕೋದು ಅಂತಲೇ ತಾನೇ ಹೇಳೋದು?

ಕನ್ನಡದಲ್ಲಿ ಹಾಕುತ್ತೇವೆ, ಇಂಗ್ಲಿಷಿನಲ್ಲಿ ಹಾಕುವುದಿಲ್ಲ. ಅಲ್ಲಿ 'ಫೈನ್' ತಾನೇ ಕ್ರಿಯಾಪದವಾಗುತ್ತದೆ: 'ದ ಪೊಲೀಸ್ ಫೈನ್ಡ್ ಮೀ'. ಹೆಚ್ಚು ಕೇಳಿಬರುವುದು ಕರ್ಮಣಿ ರೂಪ, 'ಐ ವಾಸ್ ಫೈನ್ಡ್ ಫೈವ್ ಹಂಡ್ರೆಡ್ ರುಪೀಸ್ ಫಾರ್ ರೈಡಿಂಗ್ ವಿದೌಟ್ ಎ ಹೆಲ್ಮೆಟ್'. ಅನುಕ್ರಮ ನೋಡಿಕೊಳ್ಳಿ: ಮೊದಲು ಮೊತ್ತ, ಆಮೇಲೆ 'ಫಾರ್', ಆಮೇಲೆ ತಪ್ಪು. ನಾಮಪದವಾಗಿ ಬಳಸುವುದಾದರೆ 'ಇಂಪೋಸ್ ಎ ಫೈನ್', 'ಪೇ ಎ ಫೈನ್', 'ಎ ಫೈನ್ ಆಫ್' ಎಂಬ ಜೋಡಿಗಳು. 'ಎ' ಬಿಡಬೇಡಿ, ಏಕೆಂದರೆ ಈ ಫೈನ್ ಎಣಿಕೆಗೆ ಸಿಗುವ ವಸ್ತು: ಒಂದು ಫೈನ್, ಎರಡು ಫೈನ್ಸ್. 'ಫೈನ್ ಅಮೌಂಟ್' ಎಂಬ ನಮ್ಮ ರೂಢಿಯಲ್ಲಿ 'ಅಮೌಂಟ್' ದಂಡಕ್ಕೆ!

'ವೇವರ್' ಬಗ್ಗೆಯೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟಾಗ ಅದನ್ನು 'ಫೈನ್ ವೇವರ್' ಎಂದವರಿದ್ದರು. ವೇವರ್ ಎಂದಷ್ಟೇ ಹೇಳಿದರೆ ಪೂರ್ತಿ ಮನ್ನಾ ಎಂದು ಕೇಳುತ್ತದೆ. ಅರ್ಧ ಬಿಟ್ಟದ್ದಕ್ಕೆ 'ರಿಬೇಟ್' ಅಥವಾ 'ಡಿಸ್ಕೌಂಟ್'.

ಫೈನ್, ಪೆನಾಲ್ಟಿ, ಲೇಟ್ ಫೀ: ಎಲ್ಲ ಒಂದೇ ಅಲ್ವಾ? ಜೇಬಿನಿಂದ ಹೋಗೋದು ದುಡ್ಡೇ.

ಜೇಬಿಗೆ ಒಂದೇ, ಕಾಗದದಲ್ಲಿ ಬೇರೆ. ಬಿಗಿಯಾದ ಅರ್ಥದಲ್ಲಿ 'ಫೈನ್' ಎಂದರೆ ಅಪರಾಧಕ್ಕೆ ನ್ಯಾಯಾಲಯ ವಿಧಿಸುವ ಹಣದ ಶಿಕ್ಷೆ. 'ಪೆನಾಲ್ಟಿ' ಅದಕ್ಕಿಂತ ಅಗಲವಾದ ಪದ: ತೆರಿಗೆ ಅಧಿಕಾರಿ ಹಾಕಬಹುದು, ಕರಾರಿನಲ್ಲೇ ಬರೆದಿರಬಹುದು, ಹಣವೇ ಆಗಬೇಕೆಂದೂ ಇಲ್ಲ (ಫುಟ್‌ಬಾಲಿನ ಪೆನಾಲ್ಟಿ ನೆನಪಿಸಿಕೊಳ್ಳಿ). 'ಲೇಟ್ ಫೀ' ಶಿಕ್ಷೆಯೇ ಅಲ್ಲ, ತಡವಾಗಿ ಬಂದವರಿಗೆ ಬಾಗಿಲು ತೆರೆಯಲು ಪಡೆಯುವ ಶುಲ್ಕ. ಆದಾಯ ತೆರಿಗೆ ರಿಟರ್ನ್ ತಡವಾದರೆ ಕಲಂ 234ಎಫ್ ಅಡಿ ಕಟ್ಟುತ್ತಿದ್ದ 5,000 ರೂ. (ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000 ರೂ.) ಇಂಥ ಶುಲ್ಕ. ಕನ್ನಡದಲ್ಲಿ 'ವಿಳಂಬ ಶುಲ್ಕ' ಎಂದರೆ ಸರಿ.

ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಟಿಟಿಇ ರಸೀದಿ ಹರಿದು ಪಡೆಯುವುದು ಪ್ರಯಾಣದರದ ಜೊತೆಗೆ 'ಎಕ್ಸೆಸ್ ಚಾರ್ಜ್': ಆ ದರದಷ್ಟೇ ಮೊತ್ತ ಅಥವಾ 250 ರೂ., ಯಾವುದು ಹೆಚ್ಚೋ ಅದು. ನಾವೆಲ್ಲ ಅದನ್ನು ಫೈನ್ ಅಂತಲೇ ಕರೆಯುತ್ತೇವೆ. ರಸ್ತೆ ಬದಿಯಲ್ಲಿ ಸಂಚಾರ ಪೊಲೀಸರು ಪಡೆಯುವ ಹಣವೂ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ರಾಜಿ ಶುಲ್ಕ, ಕೋರ್ಟಿಗೆ ಹೋಗದೆ ಪ್ರಕರಣ ಮುಗಿಸಿಕೊಳ್ಳುವುದು. ಮಾತಿನಲ್ಲಿ ಫೈನ್ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅರ್ಜಿ ಬರೆಯುವಾಗ ಮಾತ್ರ ರಸೀದಿಯಲ್ಲಿರುವ ಪದವನ್ನೇ ಬರೆಯಿರಿ.

ಕಾನೂನು ಅನುವಾದದಲ್ಲಿ 'ದಂಡ' ಬರೆಯಲಾ, 'ಜುಲ್ಮಾನೆ' ಬರೆಯಲಾ?

ಕನ್ನಡ ಕಾನೂನು ಪಠ್ಯಗಳಲ್ಲಿ 'ಜುಲ್ಮಾನೆ' ನೆಲೆಯೂರಿದ ಪದ. 'ದಂಡ', 'ದಂಡನೆ' ಎರಡೂ ಒಂದೇ ಪುಟದಲ್ಲಿ ಬಂದಾಗ ಯಾವುದು ಹಣ, ಯಾವುದು ಒಟ್ಟಾರೆ ಶಿಕ್ಷೆ ಎಂಬ ಗೊಂದಲ ಹುಟ್ಟುತ್ತದೆ. ಜುಲ್ಮಾನೆ ಅಂದರೆ ಹಣ ಮಾತ್ರ, ಅನುಮಾನವೇ ಇಲ್ಲ. ಪತ್ರಿಕೆಗೆ 'ದಂಡ' ಚೆಂದ.

ಪದಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಅದರ ಸುತ್ತಲಿನ ಜೋಡಣೆಗೆ. 'ಆರ್ ವಿತ್ ಫೈನ್, ಆರ್ ವಿತ್ ಬೋತ್' ಎಂದಿದ್ದರೆ ಸಜೆ ಇಲ್ಲವೇ ಜುಲ್ಮಾನೆ, ಇಲ್ಲವೇ ಎರಡೂ. ನ್ಯಾಯಾಧೀಶರಿಗೆ ಆಯ್ಕೆ ಇದೆ. 'ಆಂಡ್ ಶಲ್ ಆಲ್ಸೊ ಬಿ ಲಯಬಲ್ ಟು ಫೈನ್' ಎಂದಿದ್ದರೆ ಸಜೆ ತಪ್ಪುವುದಿಲ್ಲ, ಅದರ ಮೇಲೆ ಜುಲ್ಮಾನೆಗೂ ಗುರಿಯಾಗುತ್ತಾನೆ. ಎರಡನ್ನೂ 'ಸಜೆ ಮತ್ತು ದಂಡ' ಎಂದು ಬರೆದುಬಿಡುವುದು ನಮ್ಮ ಸುದ್ದಿಗಳಲ್ಲಿ ಕಾಣುವ ತಪ್ಪು. ಮೂರನೆಯದು 'ಇನ್ ಡಿಫಾಲ್ಟ್ ಆಫ್ ಪೇಮೆಂಟ್ ಆಫ್ ಫೈನ್': ಜುಲ್ಮಾನೆ ಕಟ್ಟಲು ತಪ್ಪಿದರೆ ಇಷ್ಟು ತಿಂಗಳು ಹೆಚ್ಚುವರಿ ಸಜೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ಶಿಕ್ಷೆಗಳ ಪಟ್ಟಿಯಲ್ಲಿ ಜುಲ್ಮಾನೆಯ ಜೊತೆಗೆ ಸಮುದಾಯ ಸೇವೆಯನ್ನೂ ಸೇರಿಸಿದೆ.

'ಫೈನ್ ಫಾರ್ ಪಾರ್ಕಿಂಗ್' ಅಂತ ಬೋರ್ಡ್ ಇತ್ತು. ನಿಲ್ಲಿಸಬಹುದು ಅಂತಲೇ ತಿಳಿದೆ!

ಇದು ಇಂಗ್ಲಿಷಿನವರೇ ಹೇಳಿಕೊಂಡು ನಗುವ ಹಳೆಯ ಜೋಕು. ಗುಣವಾಚಕವಾಗಿ ಓದಿದರೆ 'ನಿಲ್ಲಿಸಲು ಪ್ರಶಸ್ತ', ನಾಮಪದವಾಗಿ ಓದಿದರೆ 'ನಿಲ್ಲಿಸಿದರೆ ದಂಡ'. ಬೋರ್ಡ್ ಬರೆಸುವವರಿಗೆ ಮದ್ದು ಸುಲಭ, ಮೊತ್ತ ಸೇರಿಸಿ. ಅಂಕಿ ಬಂದ ಕೂಡಲೇ ಅನುಮಾನ ಓಡಿಹೋಗುತ್ತದೆ. ಕನ್ನಡದಲ್ಲಿ 'ವಾಹನ ನಿಲ್ಲಿಸಿದರೆ 500 ರೂ. ದಂಡ' ಎಂದು ಕೆಳಗೆ ಬರೆಸಿದ್ದರೆ ಇನ್ನೂ ಒಳ್ಳೆಯದು.

## ಇನ್ನಷ್ಟು ಆಳಕ್ಕೆ

ಸೊಗಸಿಗೂ ದಂಡಕ್ಕೂ ಒಂದೇ ಪದ ಹೇಗಾಯಿತು? ಸಂಬಂಧವೇ ಇಲ್ಲವಲ್ಲ.

ಸಂಬಂಧವಿದೆ. ಎರಡರ ಬೇರೂ ಲ್ಯಾಟಿನ್ನಿನ 'ಫಿನಿಸ್', ಅಂದರೆ ಕೊನೆ, ಎಲ್ಲೆ. ಹಳೆಯ ಫ್ರೆಂಚಿನ ಮೂಲಕ ಅದು ಎರಡು ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಒಂದು ದಾರಿ: ಕೊನೆ ಮುಟ್ಟಿದ್ದು, ಇನ್ನು ತಿದ್ದುವುದೇನೂ ಉಳಿಯದ್ದು, ಹಾಗಾಗಿ ಪರಿಪೂರ್ಣ, ಸೊಗಸು, ಶುದ್ಧ. ಅಲ್ಲಿಂದ ಕುಸುರಿ, ಕುಸುರಿಯಿಂದ ನಯ, ನಯದಿಂದ ಸಣ್ಣ. ಇನ್ನೊಂದು ದಾರಿ: ತಕರಾರಿಗೆ ಕೊನೆ ಹಾಡುವುದು, ಅದಕ್ಕಾಗಿ ಕೊಡುವ ಹಣ, ಹಾಗಾಗಿ ದಂಡ. 'ಫಿನಿಶ್', 'ಫೈನಲ್', 'ಡಿಫೈನ್', 'ರಿಫೈನ್', ಸಾಲ ತೀರಿಸಿ ಮುಗಿಸುವ ಅರ್ಥದಿಂದ ಬಂದ 'ಫೈನಾನ್ಸ್' ಕೂಡ ಇದೇ ಮನೆತನ.

ಮಧ್ಯಯುಗದ ಇಂಗ್ಲೆಂಡಿನಲ್ಲಿ 'ಫೈನ್' ಎಂದರೆ ಜಮೀನಿನ ವ್ಯಾಜ್ಯ ಮುಗಿಸುವ ಒಪ್ಪಂದಪತ್ರವೂ ಆಗಿತ್ತು. 1195ರಿಂದ ಅದನ್ನು ಬರೆಯುತ್ತಿದ್ದ ಕ್ರಮ ನೋಡಿ: ಒಂದೇ ಚರ್ಮದ ಹಾಳೆಯ ಮೇಲೆ ಒಂದೇ ಒಕ್ಕಣೆ ಮೂರು ಸಲ. ಎರಡು ಪ್ರತಿ ಅಕ್ಕಪಕ್ಕ, ಮೂರನೆಯದು ಅಡಿಯಲ್ಲಿ ಅಡ್ಡಡ್ಡ. ಆಮೇಲೆ ಅಲೆಅಲೆಯಾಗಿ ಕತ್ತರಿಸಿ ಇಬ್ಬರಿಗೂ ಒಂದೊಂದು ಕೊಟ್ಟು, ಅಡಿಯ ತುಂಡನ್ನು ಸರ್ಕಾರ ಇಟ್ಟುಕೊಳ್ಳುತ್ತಿತ್ತು. ಮುಂದೆ ಯಾರಾದರೂ ಖೊಟ್ಟಿ ಪತ್ರ ತಂದರೆ ಅಲೆಗೆ ಅಲೆ ಕೂಡುತ್ತಿರಲಿಲ್ಲ. ಆ ಅಡಿಯ ತುಂಡಿಗೆ 'ಫೈನಿನ ಪಾದ' ಎಂದೇ ಹೆಸರು. ಈ ಪದ್ಧತಿಯನ್ನು 1833ರ ಕಾಯ್ದೆ ರದ್ದು ಮಾಡಿತು.

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಅದೇ ಅಕ್ಷರಗಳು ಕಂಡರೆ 'ಫೀನೆ' ಎಂದು ಓದಿ. ಅದು ಇಟಾಲಿಯನ್, ಇಲ್ಲಿಗೆ ಮುಗಿಸಿ ಎಂಬ ಸೂಚನೆ. ಬೇರು ಅದೇ.

'ಫೈನ್' ಇರುವ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಏನಂತಾರೆ?

ಕೆಲವಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಜೋಡಿ ಇದೆ. 'ಫೈನ್ ಟೂತ್ ಕೋಂಬ್' ಅಂದರೆ ಸೀರಣಿಗೆ, ಹೇನು-ಸೀರು ತೆಗೆಯುವ ಒತ್ತುಹಲ್ಲಿನ ಬಾಚಣಿಗೆ. ಲೆಕ್ಕಪತ್ರವನ್ನು ಅದರಿಂದ ಬಾಚಿದರು ಎಂದರೆ ಎಳೆಎಳೆಯಾಗಿ ಜಾಲಾಡಿದರು. 'ಕಟಿಂಗ್ ಇಟ್ ಫೈನ್' ಎಂದರೆ ಸಮಯಕ್ಕೆ ಕೂದಲೆಳೆಯ ಅಂತರ ಬಿಟ್ಟುಕೊಳ್ಳುವುದು, ಬಸ್ಸು ಹೊರಡುವ ಹೊತ್ತಿಗೆ ಓಡಿಬಂದು ಹತ್ತುವವರ ಚಾಳಿ. 'ಯೂ ಆರ್ ಎ ಫೈನ್ ಒನ್ ಟು ಟಾಕ್' ಎಂದರೆ 'ನೀನೇ ಹೇಳ್ಬೇಕು ಬಿಡು!' 'ಎ ಫೈನ್ ಮೆಸ್' ಎಂದರೆ 'ಚೆನ್ನಾಯ್ತು ಹೋಗು!' ಅನ್ನುವಂಥ ಎಡವಟ್ಟು. ನಾಮಪದದ ಮುಂದಿನ ಹೊಗಳಿಕೆ ವ್ಯಂಗ್ಯಕ್ಕೆ ತಿರುಗಿದ್ದು.

'ಫೈನ್ ಟ್ಯೂನಿಂಗ್' ಅರ್ಥವಾಗಲು ತಂಬೂರಿ ನೋಡಿ. ಮೊದಲು ಬಿರಡೆ ತಿರುವಿ ತಂತಿಯನ್ನು ಹತ್ತಿರ ಹತ್ತಿರದ ಶ್ರುತಿಗೆ ತರುತ್ತಾರೆ. ಅಲ್ಲಿಂದ ಮುಂದೆ ಬಿರಡೆ ಮುಟ್ಟಿದರೆ ಶ್ರುತಿ ಹಾರಿಹೋಗುತ್ತದೆ, ಕುದುರೆಯ (ತಂತಿಗಳಿಗೆ ಆಸರೆಯಾದ ಪಟ್ಟಿ) ಕೆಳಗೆ ತಂತಿಯಲ್ಲಿ ಪೋಣಿಸಿದ ಮಣಿಯನ್ನು ಎಳ್ಳಷ್ಟು ಸರಿಸಬೇಕು. ಆ ಮಣಿಯ ಕೆಲಸವೇ ಫೈನ್ ಟ್ಯೂನಿಂಗ್. 'ಉತ್ತಮ ಹೊಂದಾಣಿಕೆ' ಎಂಬ ಅನುವಾದದಲ್ಲಿ ಅದು ಕಾಣೆಯಾಗಿದೆ, 'ನಯಶ್ರುತಿ' ಅಥವಾ 'ಶ್ರುತಿ ಕೂಡಿಸುವುದು' ವಾಸಿ.

'ಫೈನ್ಲಿ' ಎಲ್ಲಿ, 'ಫೈನ್' ಎಲ್ಲಿ? 'ವರ್ಕಿಂಗ್ ಫೈನ್ಲಿ' ಅನ್ನಬಹುದಾ?

ಅನ್ನಬಾರದು. ಸರಿಯಾಗಿ, ತೊಂದರೆಯಿಲ್ಲದೆ ಎಂಬ ಅರ್ಥಕ್ಕೆ 'ಫೈನ್' ಹಾಗೇ ನಿಲ್ಲುತ್ತದೆ: 'ದ ಪಂಪ್ ಈಸ್ ವರ್ಕಿಂಗ್ ಫೈನ್'. ಸಣ್ಣಗೆ, ನಾಜೂಕಾಗಿ ಎಂಬ ಅರ್ಥಕ್ಕೆ 'ಫೈನ್ಲಿ': 'ಫೈನ್ಲಿ ಗ್ರೌಂಡ್', 'ಫೈನ್ಲಿ ಬ್ಯಾಲೆನ್ಸ್ಡ್'. ಇನ್ನು 'ಫೈನರ್' ಎಂಬ ತರತಮ ರೂಪ ಸೊಗಸು, ಸಣ್ಣ, ಶುದ್ಧ ಈ ಅರ್ಥಗಳಿಗೆ ಮಾತ್ರ. ಜ್ವರ ಇಳಿದವರು 'ಐ ಆಮ್ ಫೈನರ್ ಟುಡೇ' ಅನ್ನುವುದಿಲ್ಲ, 'ಬೆಟರ್' ಅನ್ನುತ್ತಾರೆ.

ಯಂತ್ರಾನುವಾದ ಕೊಟ್ಟ ಕನ್ನಡದಲ್ಲಿ 'ಉತ್ತಮ ಮುದ್ರಣ', 'ಉತ್ತಮ ರೇಖೆ', 'ದಂಡ ಕಲೆಗಳು' ಎಲ್ಲ ಬಂದಿವೆ. ಹೇಗೆ ತಿದ್ದಲಿ?

ಪ್ರತಿ ಸಲವೂ ಮೊದಲ ಪ್ರಶ್ನೆಯಲ್ಲಿ ಹೇಳಿದ ನಾಲ್ಕು ಕೋಣೆಗಳಲ್ಲಿ (ಸೊಗಸು, ಪರವಾಗಿಲ್ಲ, ಸಣ್ಣ, ದಂಡ) ಯಾವುದು ಎಂದು ಕೇಳಿಕೊಳ್ಳಿ. 'ಫೈನ್ ಪ್ರಿಂಟ್' ಸಣ್ಣದರ ಕೋಣೆ: ಸಾಲದ ಕರಾರಿನ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಅಚ್ಚು ಹಾಕಿದ ಷರತ್ತುಗಳು, ಕನ್ನಡದಲ್ಲಿ 'ಸಣ್ಣಕ್ಷರದ ಷರತ್ತು'. 'ಫೈನ್ ಲೈನ್' ಕೂಡ ಅದೇ ಕೋಣೆ: 'ಧೈರ್ಯಕ್ಕೂ ಹುಂಬತನಕ್ಕೂ ನಡುವೆ ಇರುವುದು ತೆಳುಗೆರೆ'. 'ಫೈನ್ ಆರ್ಟ್ಸ್' ಸೊಗಸಿನ ಕೋಣೆ, ಅದಕ್ಕೆ 'ಲಲಿತಕಲೆ' ಎಂಬ ಪದ ಎಂದೋ ನೆಲೆಯಾಗಿದೆ. 'ಫೈನ್ ರೇನ್' ಒಳ್ಳೆಯ ಮಳೆಯಲ್ಲ, ತುಂತುರು. 'ಫೈನ್ ಹೇರ್' ತೆಳ್ಳನೆಯ ನವಿರು ಕೂದಲು. ಎಣ್ಣೆಯ ಜಾಹೀರಾತಿನಲ್ಲಿ 'ಉತ್ತಮ ಕೂದಲಿಗಾಗಿ' ಎಂದು ಅಚ್ಚಾದರೆ ಕೂದಲು ತೆಳುವಾಗಿದೆ ಎಂಬ ಚಿಂತೆಯಲ್ಲಿ ಕೊಳ್ಳಲು ಬಂದವರು ಆ ಬಾಟಲಿ ತಮಗಲ್ಲ ಎಂದು ಮುಂದೆ ಹೋಗುತ್ತಾರೆ.